ಎಂಟು ಪಟ್ಟು ವೇಗದಲ್ಲಿ ಕೊಟ್ಟ ಸರ್ಟಿಫಿಕೇಟ್

ಆ ಬ್ರಿಟಿಷ್ ಪೊಲೀಸ್ ಸೀರಿಯಲ್ಲಿನ ಮೊದಲ ಡಿವಿಡಿಯನ್ನು ನಾನು ಎಂಟು ಪಟ್ಟು ವೇಗದಲ್ಲಿ ಓಡಿಸಿ ನೋಡಿ, ಮನೆಮಂದಿಯೆಲ್ಲ ಕೂತು ನೋಡಬಹುದು ಎಂದು ಸರ್ಟಿಫಿಕೇಟ್ ಕೊಟ್ಟೆ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಒಂದು ಗಂಟೆಯ ಎಪಿಸೋಡನ್ನು ಏಳೂವರೆ ನಿಮಿಷದಲ್ಲಿ ಮುಗಿಸಿದ್ದೆ. ಅಷ್ಟರೊಳಗೆ ಎರಡು ಬಾಳೆಹಣ್ಣನ್ನೂ ಮುಗಿಸಿದ್ದೆ. ಆ ವೇಗದಲ್ಲಿ ಮನುಷ್ಯರು ಸಕ್ಕರೆ ಡಬ್ಬಿಯೊಳಗಿನ ಇರುವೆಗಳ ಹಾಗೆ ಓಡಾಡುತ್ತಾರೆ, ಯಾರು ಯಾರನ್ನು ಏನು ಮಾಡಿದರು ಎಂದು ತಿಳಿಯುವುದಿಲ್ಲ. ತಿಳಿಯಬೇಕೆಂದು ನಾನೂ ಕೂತಿರಲಿಲ್ಲ. ನಾನು ಹುಡುಕುತ್ತಿದ್ದದ್ದು ಒಂದೇ ಸಂಗತಿಯನ್ನು. ಎಲ್ಲಾದರೂ ಯಾರಾದರೂ ಯಾರಿಗಾದರೂ ಮುತ್ತು ಕೊಡುತ್ತಾರೆಯೇ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಜನ ಮನೆಮಂದಿಯ ಜೊತೆ ಇಂಗ್ಲಿಷ್ ಏನಾದರೂ ನೋಡಲು ಕೂತರೆ ಒಬ್ಬನ ಕೈಯಲ್ಲಿ ರಿಮೋಟ್ ಇರಲೇಬೇಕು. ಅವನು ಕತೆ ನೋಡುವ ಹಾಗಿಲ್ಲ, ಕಾವಲು ಕಾಯಬೇಕು. ತೆರೆಯ ಮೇಲೆ ಗಂಡಸೊಬ್ಬ ಹೆಂಗಸೊಬ್ಬಳು ಎರಡಡಿಗಿಂತ ಹತ್ತಿರ ನಿಂತು, ಮಾತು ನಿಧಾನವಾಯಿತೆಂದರೆ ಅವನು ಗುಂಡಿ ಒತ್ತಿ ಓಡಿಸಿಬಿಡಬೇಕು. ಅಷ್ಟು ಹೊತ್ತು ಉಳಿದವರು ತಮ್ಮ ತಮ್ಮ ಪಾತ್ರ ಮಾಡುತ್ತಾರೆ. ಅಂಕಲ್‌ಗೆ ಕೆಮ್ಮು ಬರುತ್ತದೆ. ಅಜ್ಜಿಗೆ ನೀರು ಬೇಕಾಗುತ್ತದೆ. ಆಂಟಿ ಅಡುಗೆಮನೆಗೆ ಹೋಗಿ, ಏನೂ ಇಡದ ಒಲೆಯನ್ನು ನೋಡಿ ಬರುತ್ತಾರೆ. ನಾನು ಬಾಡಿಗೆಗಿದ್ದ ಮನೆಯಲ್ಲಿ ರಿಮೋಟಿನ ಕಾವಲುಗಾರ ನಾನೇ. ನನ್ನಷ್ಟು ಚುರುಕಾದ ಹೆಬ್ಬೆರಳು ಅಮೆರಿಕದ ಇಲಿನಾಯಿಯಲ್ಲಿರುವ ನಮ್ಮ ಡೌನರ್ಸ್ ಗ್ರೋವ್ ಊರಿನಲ್ಲೇ ಇರಲಿಲ್ಲವೆಂದು ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಮನೆ ಅಂಕಲ್ ಆಂಟಿಯದು, ನೆಲದಡಿಯ ಬೇಸ್‌ಮೆಂಟ್ ನನ್ನದು. ಆಗ ನನಗೆ ಇಪ್ಪತ್ತನಾಲ್ಕು. ರೈಲು ಸ್ಟೇಷನ್ನಿನಾಚೆ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಅಂದರೆ ತಪಾಸಣೆಯೇ ನನ್ನ ಹೊಟ್ಟೆಪಾಡು. ಆ ಪೆಟ್ಟಿಗೆಗಳ ಗತಿ ಏನಾಗಿರಬೇಕೆಂದು ನೀವೇ ಊಹಿಸಿಕೊಳ್ಳಿ. ಅಂಕಲ್ ಗದಗಿನವರು, ಮೇನ್ ಸ್ಟ್ರೀಟಿನ ಹತ್ತಿರ ಡ್ರೈ ಕ್ಲೀನಿಂಗ್ ಅಂಗಡಿ ಇಟ್ಟಿದ್ದರು. ಆಂಟಿ ಮೈಸೂರಿನವರು. ಅಂಕಲ್‌ರ ತಾಯಿ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರು, ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. ಸರಿಯಾಗಿ ಚಳಿಗಾಲದ ಆರು ತಿಂಗಳನ್ನೇ ಆರಿಸಿಕೊಂಡು ಬಂದಿದ್ದರು, ಪಾಪ. ತಮ್ಮತಮ್ಮಲ್ಲಿ ಅವರು ಉರ್ದು ಮಾತಾಡಿಕೊಳ್ಳುತ್ತಿದ್ದರು. ನಾನು ಮೆಟ್ಟಿಲು ಹತ್ತಿ ಬಂದರೆ ಕನ್ನಡಕ್ಕೆ ಹೊರಳುತ್ತಿದ್ದರು. ಅಂಕಲ್ ಇಂಗ್ಲಿಷಿಗೆ ಹೊರಳಿದರೆ ಮಾತ್ರ ನಾನು ಮತ್ತೆ ಕೆಳಗಿಳಿಯುತ್ತಿದ್ದೆ, ಅವರಿಗೆ ಸಿಟ್ಟು ಬಂದಿದೆ ಎಂದು ಅರ್ಥ.

ಆ ಚಳಿಗಾಲದಲ್ಲಿ ಮನೆಯನ್ನೆಲ್ಲ ಆವರಿಸಿಕೊಂಡಿದ್ದದ್ದು ಆಂಟಿಯ ಇಂಟರ್ವ್ಯೂ. ಮೈಸೂರಿನಲ್ಲಿ ಅವರು ಹನ್ನೊಂದು ವರ್ಷ ನರ್ಸ್ ಆಗಿದ್ದವರು, ಅದೂ ಅಪಘಾತದ ಕೇಸುಗಳು ಬಂದು ಬೀಳುವ ವಾರ್ಡಿನಲ್ಲಿ. ಅಮೆರಿಕಕ್ಕೆ ಬಂದ ಮೇಲೆ ಏಳು ವರ್ಷ ಅಂಗಡಿಯ ಕೌಂಟರಿನಲ್ಲಿ ನಿಂತು, ಕೋಟುಗಳಿಗೆ ಚೀಟಿ ಚುಚ್ಚಿದ್ದರು. ಮಧ್ಯದಲ್ಲಿ ಓದಿ, ಒಮ್ಮೆ ಫೇಲಾಗಿ, ಮತ್ತೆ ಓದಿ, ಇಲ್ಲಿನ ಲೈಸೆನ್ಸ್ ಪರೀಕ್ಷೆಯನ್ನೂ ಪಾಸು ಮಾಡಿಕೊಂಡಿದ್ದರು. ಈಗ ಹತ್ತಿರದ ಒಂದು ಆಸ್ಪತ್ರೆಯಿಂದ ಕರೆ ಬಂದಿತ್ತು. ಇನ್ನು ಮೂರು ವಾರಕ್ಕೆ, ಗುರುವಾರ.

ಪ್ರಶ್ನೆಗಳ ಒಂದು ಪಟ್ಟಿಯನ್ನು ಯಾರಿಂದಲೋ ಜೆರಾಕ್ಸ್ ಮಾಡಿಸಿ ತಂದಿದ್ದರು. ದಿನಾ ಸಂಜೆ ಡೈನಿಂಗ್ ಟೇಬಲ್ಲಿನ ಆಚೆ ಬದಿಗೆ ನಾನು ಟೈ ಕಟ್ಟಿಕೊಂಡು ಕೂತು ಪ್ರಶ್ನೆ ಕೇಳಬೇಕಿತ್ತು. ಎಲ್ಲಕ್ಕೂ ಚೆನ್ನಾಗಿಯೇ ಉತ್ತರಿಸುತ್ತಿದ್ದರು, ಒಂಬತ್ತನೆಯದರವರೆಗೆ. ಒಂಬತ್ತನೆಯದು, 'ಇತ್ತೀಚೆಗೆ ನೀವು ನಿಭಾಯಿಸಿದ ಒಂದು ಎಮರ್ಜೆನ್ಸಿಯನ್ನು ವಿವರಿಸಿ.' ಅಲ್ಲಿಗೆ ಬಂದರೆ ಆಂಟಿ ನಿಂತುಬಿಡುತ್ತಿದ್ದರು.

"ಇತ್ತೀಚೆಗೆ ಅಂದ್ರೆ ಏನ್ ಹೇಳ್ಲೋ? ಏಳ್ ವರ್ಷದ ಹಿಂದಿಂದು ಇತ್ತೀಚೆಗಾ?"

"ಹೇಳಿ ಆಂಟಿ, ಯಾರ್ ಡೇಟ್ ಕೇಳ್ತಾರೆ?"

"ಕೇಳ್ತಾರೆ. ನಾನಾಗಿದ್ರೆ ಕೇಳ್ತಿದ್ದೆ. ಈ ಏಳ್ ವರ್ಷದಲ್ಲಿ ನಾನು ನೋಡಿರೋ ಎಮರ್ಜೆನ್ಸಿ ಅಂದ್ರೆ ವೈನ್ ಚೆಲ್ಲಿದ ಬಿಳೀ ಕೋಟು." ಆಮೇಲೆ ತಮ್ಮ ಎರಡೂ ಕೈಗಳನ್ನು ಟೇಬಲ್ಲಿನ ಮೇಲೆ ಚಾಚಿ ನೋಡಿಕೊಳ್ಳುತ್ತಿದ್ದರು. "ನಿಜವಾಗಿ ಒಬ್ಬರು ಮುಂದೆ ಬಿದ್ರೆ ಈ ಕೈಗೆ ಏನ್ ಮಾಡ್ಬೇಕು ಅಂತ ನೆನಪಿರುತ್ತಾ, ನಂಗೇ ಗೊತ್ತಿಲ್ಲ. ಸುಳ್ ಹೇಳ್ಕೊಂಡು ಕೆಲ್ಸಕ್ಕೆ ಸೇರೋಕೆ ಇದು ಬಟ್ಟೆ ಅಂಗಡಿ ಅಲ್ಲ."

ಕೊನೆಗೆ ಒಂದು ಗುರುವಾರ ನನ್ನನ್ನು ಕರೆದು, ತಾವು ಇಂಟರ್ವ್ಯೂಗೆ ಬರುವುದಿಲ್ಲವೆಂದು ಆಸ್ಪತ್ರೆಗೆ ಒಂದು ಮೇಲ್ ಬರೆದಿಡಲು ಹೇಳಿದರು. "ಮರ್ಯಾದೆಯಾಗಿ ಬರಿ. ಭಾನುವಾರ ಕಳ್ಸಿಬಿಡೋಣ. ಅಂಕಲ್‌ಗೆ ಹೇಳ್ಬೇಡ." ನಾನು ಬರೆದೆ. ಬರೆದು ಡ್ರಾಫ್ಟಿನಲ್ಲಿ ಇಟ್ಟೆ. ಸದಾ ಹಲ್ಲು ಕಿರಿಯುವ ನನಗೂ ಅವತ್ತು ಊಟ ಸೇರಲಿಲ್ಲ. ಸೇರಲಿಲ್ಲ ಅಂದರೆ ಎರಡೇ ಸಲ ಬಡಿಸಿಕೊಂಡೆ.

ಸೀರಿಯಲ್ಲಿನ ಯೋಜನೆ ಹುಟ್ಟಿದ್ದು ಇದಕ್ಕಿಂತ ಮೊದಲು. ಆಸ್ಪತ್ರೆಯಿಂದ ಫೋನ್ ಬಂದಾಗ ಆ ಕಡೆಯವಳ ವೇಗದ ಮಾತು ಅರ್ಥವಾಗದೆ ಆಂಟಿ ಎಲ್ಲದಕ್ಕೂ 'ಯೆಸ್' ಎಂದಿದ್ದರಂತೆ. ಕೊನೆಗೆ ಅವಳು 'ನಿಮಗೇನಾದರೂ ಕೇಳೋದಿದೆಯಾ' ಎಂದಾಗಲೂ 'ಯೆಸ್' ಎಂದು, ಮುಂದೆ ಏನು ಕೇಳಬೇಕೆಂದು ತಿಳಿಯದೆ ಅರ್ಧ ನಿಮಿಷ ಇಬ್ಬರೂ ಸುಮ್ಮನಿದ್ದರಂತೆ. ಕಿವಿ ಪಳಗಲಿ, ಇಂಗ್ಲಿಷ್ ಸೀರಿಯಲ್ ಏನಾದರೂ ತಂದುಕೊಡು ಎಂದು ಕೇಳಿದ್ದರು.

ನಾನು ಲೈಬ್ರರಿಗೆ ಹೋದೆ. ಅಮೆರಿಕದ ಸೀರಿಯಲ್ಲುಗಳಲ್ಲಿ ಹತ್ತು ನಿಮಿಷಕ್ಕೊಮ್ಮೆ ಹೆಬ್ಬೆರಳಿಗೆ ಕೆಲಸ. ಆಸ್ಪತ್ರೆಯ ಸೀರಿಯಲ್ಲುಗಳಲ್ಲಂತೂ ಡಾಕ್ಟರುಗಳಿಗೆ ಬೇರೆ ಉದ್ಯೋಗವೇ ಇಲ್ಲ. ಆಗ ಹೊಳೆಯಿತು, ಬ್ರಿಟಿಷರು. ಬ್ರಿಟಿಷ್ ಸೀರಿಯಲ್ ಎಂದರೆ ಟೋಪಿ, ಟೀ, ಗುಲಾಬಿ ತೋಟ, ಮರ್ಯಾದಸ್ಥರು ಎಂಬುದು ನಮ್ಮ ಮನೆಗಳಲ್ಲಿ ಎಲ್ಲರೂ ನಂಬಿಕೊಂಡ ಮಾತು. ಡಿವಿಡಿಯ ಮೇಲೆ ಓವರ್‌ಕೋಟು ಹಾಕಿಕೊಂಡ ಮುದುಕ ಇನ್‌ಸ್ಪೆಕ್ಟರೊಬ್ಬ ಇಟ್ಟಿಗೆ ಮನೆಗಳ ಮುಂದೆ ಮಳೆಯಲ್ಲಿ ನಿಂತಿದ್ದ. ಈ ಮುಖಕ್ಕೆ ಯಾರು ಮುತ್ತು ಕೊಡುತ್ತಾರೆಂದು ಎತ್ತಿಕೊಂಡು ಬಂದೆ. ಇಲಿನಾಯಿಯ ಆಸ್ಪತ್ರೆಯ ಇಂಟರ್ವ್ಯೂಗೆ ಇಂಗ್ಲೆಂಡಿನ ಪೊಲೀಸರ ಉಚ್ಚಾರ ಏನು ಉಪಯೋಗಕ್ಕೆ ಬರುತ್ತದೆ ಎಂಬ ಪ್ರಶ್ನೆ ನನ್ನ ಕ್ವಾಲಿಟಿ ವಿಭಾಗದ ತಲೆಗೆ ಹೊಳೆಯಲೇ ಇಲ್ಲ.

ಎಂಟು ಪಟ್ಟು ವೇಗದಲ್ಲಿ ನೋಡಿದಾಗ ಮುತ್ತು ಒಂದೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಮಳೆ, ಕಾರು, ಕಪ್ಪು ಕಪ್ಪು ಕೋಟು. ಮಧ್ಯದಲ್ಲಿ ಒಂದು ಕಡೆ ಒಬ್ಬ ಗಂಡ ಅಡುಗೆಮನೆಯಲ್ಲಿ ಹೆಂಡತಿಯ ಪಕ್ಕ ನಿಂತು ಬಟ್ಟೆ ಇಸ್ತ್ರಿ ಮಾಡುತ್ತಿದ್ದ. ಎಂಥ ಒಳ್ಳೆಯ ಗಂಡ ಎಂದುಕೊಂಡೆ. ಅಂಕಲ್‌ಗೆ ಇಷ್ಟವಾಗುವ ಸೀನು ಎಂದೂ ಅಂದುಕೊಂಡೆ.

ಮೇಲ್ ಬರೆದಿಟ್ಟ ಎರಡನೆಯ ದಿನ, ಶನಿವಾರ ಮಧ್ಯಾಹ್ನ, ಎಲ್ಲರೂ ಟೀವಿಯ ಮುಂದೆ ಕೂತೆವು. ಅಂಕಲ್ ಅಂಗಡಿಯನ್ನು ಎರಡು ಗಂಟೆಗೇ ಮುಚ್ಚಿ ಬಂದಿದ್ದರು. ಅವರ ಮಗಳು, ಏಳನೇ ಕ್ಲಾಸಿನವಳು, ಗೆಳತಿಯ ಮನೆಗೆ ಹೋಗಿದ್ದಳು. ಅಜ್ಜಿ ಒಂದು ದೊಡ್ಡ ಪಾತ್ರೆಯ ತುಂಬ ಗಿರ್ಮಿಟ್ ಕಲಸಿದ್ದರು, ಚುರುಮುರಿಗೆ ಈರುಳ್ಳಿ, ಹುಣಿಸೆಹಣ್ಣು, ಪುಟಾಣಿ ಪುಡಿ ಹಾಕಿ. ನಾನು ಸೋಫಾದ ಅಂಚಿನಲ್ಲಿ, ರಿಮೋಟನ್ನು ಪಿಸ್ತೂಲಿನ ಹಾಗೆ ಹಿಡಿದು ಕೂತೆ.

"ಲೇ ತಮ್ಮಾ, ನೀ ಪೂರಾ ನೋಡೀಯೇನ್ ಇದನ್ನ?" ಅಂಕಲ್ ಕೇಳಿದರು.

"ಒಂದ್ ಸೀನೂ ಬಿಟ್ಟಿಲ್ಲ ಅಂಕಲ್."

"ಹೆದ್ರಿಕಿ ಗಿದ್ರಿಕಿ ಇಲ್ಲಲ್ಲ?"

"ಇದ್ರೂ ನಾನಿದೀನಲ್ಲ. ನಂಗೆ ಇಂಥದ್ದೆಲ್ಲ ಏನೂ ಆಗಲ್ಲ."

ಇಪ್ಪತ್ತು ನಿಮಿಷ ಎಲ್ಲವೂ ಸುಗಮವಾಗಿತ್ತು. ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಂಟಿಗೂ ಇಲ್ಲ, ನನಗೂ ಇಲ್ಲ. ಅಜ್ಜಿಗೆ ಮಾತ್ರ ಎಲ್ಲ ಅರ್ಥವಾಗುತ್ತಿತ್ತು. "ಇಂವ ಸುಳ್ಳ ಹೇಳ್ತಾನ," "ಇಕಿಗಿ ಮನ್ಯಾಗ ಸುಖ ಇಲ್ಲ," ಎಂದು ಚುರುಮುರಿ ಬಾಯಿಗೆ ಹಾಕಿಕೊಳ್ಳುತ್ತ ವಿವರಿಸುತ್ತಿದ್ದರು, ಅದು ಸರಿಯಾಗಿಯೂ ಇರುತ್ತಿತ್ತು. ಆಮೇಲೆ ಆ ಅಡುಗೆಮನೆ ಬಂತು. ಗಂಡ ಅಂಗಿ ಹಾಸಿ ಇಸ್ತ್ರಿ ಮಾಡತೊಡಗಿದ. ಅಂಕಲ್ ಮುಂದಕ್ಕೆ ಬಾಗಿದರು.

"ನೋಡ್ರಿ, ಕಾಲರ್ ಮೊದ್ಲ ಮಾಡ್ತಾನ. ಕೆಲ್ಸ ಗೊತ್ತೈತಿ ಇವಂಗ."

ಹೆಂಡತಿ ಪಕ್ಕಕ್ಕೆ ಬಂದು ನಿಂತಳು. ಅವನು ಮೆಲ್ಲಗೆ ಏನೋ ಕೇಳಿದ. ಅವಳು ಇನ್ನೂ ಮೆಲ್ಲಗೆ ಏನೋ ಹೇಳಿದಳು. ಎರಡಡಿಗಿಂತ ಹತ್ತಿರ. ಮಾತು ನಿಧಾನ. ನನ್ನ ತಲೆಯೊಳಗಿನ ಗಂಟೆ ಹೊಡೆಯಿತು. ಅಷ್ಟು ಜೋಪಾನವಾಗಿ ಹುಡುಕಿದ್ದರೂ ಒಂದು ಮುತ್ತು ತಪ್ಪಿಸಿಕೊಂಡಿದೆ ಎಂದು ಗಾಬರಿಯಾಗಿ, "ಬಂತು ಬಂತು," ಎಂದು ಕೂಗಿ ಗುಂಡಿ ಒತ್ತಿದೆ. ಎಲ್ಲರೂ ಪದ್ಧತಿಯ ಪ್ರಕಾರ ಮುಖ ತಿರುಗಿಸಿದರು. ಅಂಕಲ್ ಕೆಮ್ಮಿದರು.

ನಾನು ಒತ್ತಿದ್ದು ಮುಂದೋಡಿಸುವ ಗುಂಡಿಯಲ್ಲ, ಅದರ ಪಕ್ಕದ್ದು, ನಿಧಾನ ಮಾಡುವ ಗುಂಡಿ.

ನಿಧಾನ ಮಾಡಿದರೆ ಆ ಪ್ಲೇಯರಿನಲ್ಲಿ ಸದ್ದು ನಿಂತುಹೋಗುತ್ತಿತ್ತು. ಕೋಣೆ ಒಮ್ಮೆಲೇ ಮೌನವಾದ್ದರಿಂದ ಎಲ್ಲರೂ ಏನಾಯಿತೆಂದು ಮತ್ತೆ ಟೀವಿಯ ಕಡೆ ತಿರುಗಿದರು. ಆ ಒಳ್ಳೆಯ ಗಂಡ ಹೆಂಡತಿಯ ಎಡಗೈಯನ್ನು ಹಿಡಿದು, ಅಂಗಿಯ ತೋಳನ್ನು ಹಾಸುವಷ್ಟೇ ಜೋಪಾನವಾಗಿ ಬೋರ್ಡಿನ ಮೇಲೆ ಹಾಸಿದ. ಇಸ್ತ್ರಿ ಪೆಟ್ಟಿಗೆ ಎತ್ತಿದ. ಅದು ಇಳಿಯಿತು. ಎಂಟು ಪಟ್ಟು ವೇಗದಲ್ಲಿ ಸರ್ಟಿಫಿಕೇಟ್ ಕೊಟ್ಟವನು ಆ ಸೀನನ್ನು ಕಾಲು ವೇಗದಲ್ಲಿ, ಒಂದು ಬೆರಳನ್ನೂ ಬಿಡದೆ ನೋಡಬೇಕಾಯಿತು. ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಇವತ್ತಿಗೂ ನನಗೆ ನೆನಪಾಗುವುದು ಅದೇ. ಮತ್ತೊಂದು ಗುಂಡಿ ಒತ್ತಿದೆ. ವೇಗ ಸರಿಯಾಯಿತು, ಸದ್ದು ಮರಳಿ ಬಂತು, ಸರಿಯಾಗಿ ಅವಳು ಕಿರುಚುವ ಹೊತ್ತಿಗೆ.

ಅಂಕಲ್ ಸೋಫಾದ ದಿಂಬನ್ನು ಮುಖಕ್ಕೆ ಒತ್ತಿಕೊಂಡರು. "ಇಸ್ತ್ರಿ ಪೆಟ್ಟಿಗೀಲೆ ಹಿಂಗ ಮಾಡ್ತಾರೇನ್? ಇಸ್ತ್ರಿ ಪೆಟ್ಟಿಗೀಲೆ?" ಎಂದು ದಿಂಬಿನೊಳಗಿನಿಂದಲೇ ಕೇಳುತ್ತಿದ್ದರು. ಇಪ್ಪತ್ತು ವರ್ಷದ ವೃತ್ತಿಗೆ ಅವಮಾನವಾದ ಹಾಗಿತ್ತು ಅವರ ದನಿ.

ಅಜ್ಜಿ ಮಾತ್ರ ಕುರ್ಚಿಯ ತುದಿಗೆ ಬಂದು, ಟೀವಿಗೆ ಬೆರಳು ತೋರಿಸಿ ಬೈಯತೊಡಗಿದ್ದರು. "ಭಾಡ್ಯಾ, ನಿನ್ನ ಕೈ ಸೇದಿ ಹೋಗ್ಲಿ. ಏ ಮುದ್ಕಾ ಪೊಲೀಸಾ, ಎಲ್ಲಿ ಸತ್ತೀದಿ, ಬಾ ಜಲ್ದಿ."

ಆಂಟಿ ಎದ್ದು ನಿಂತಿದ್ದರು. ತೆರೆಯ ಮೇಲೆ ಗಂಡ ಹೊರಗೆ ಹೋಗಿ, ಪಕ್ಕದ ಮನೆಯವಳು ಓಡಿ ಬಂದು, ಫ್ರಿಜ್ ತೆಗೆದು, ಬೆಣ್ಣೆಯ ಡಬ್ಬಿ ಹೊರಗೆ ತೆಗೆದಳು.

"ಬೆಣ್ಣೆ ಹಚ್ಬೇಡ," ಎಂದರು ಆಂಟಿ, ಆ ಇಂಗ್ಲಿಷಿನವಳಿಗೆ, ಶುದ್ಧ ಮೈಸೂರು ಕನ್ನಡದಲ್ಲಿ. "ಬೆಣ್ಣೆ ಹಚ್ಬೇಡಮ್ಮ. ನಲ್ಲಿ ಕೆಳಗೆ ಹಿಡಿ. ತಣ್ಣೀರಲ್ಲಿ ಇಪ್ಪತ್ ನಿಮಿಷ. ಉಂಗ್ರ ತೆಗಿ ಮೊದ್ಲು, ಬೆರಳು ಊದುತ್ತೆ."

"ಬೆಣ್ಣಿ ಹಚ್ಚಿದ್ರ ಏನಾಕ್ಕೈತಿ?" ಅಜ್ಜಿ ಬೈಗುಳದ ಮಧ್ಯದಲ್ಲೇ ಕೇಳಿದರು. "ನಾವು ಹಚ್ತಿದ್ವಿ."

"ಅದಕ್ಕೇ ಅಮ್ಮಾ, ನಿಮ್ ಕೈ ಮೇಲೆ ಕಲೆ ಇನ್ನೂ ಹಂಗೇ ಇರೋದು."

ಇದನ್ನೆಲ್ಲ ನಾನು ಕೇಳಿಸಿಕೊಂಡೆ. ಟೀವಿ ಆರಿಸೋಣವೆಂದು ಎದ್ದೆ. ಎದ್ದದ್ದು ನೆನಪಿದೆ. ಆಮೇಲೆ ಕೋಣೆಯ ಅಂಚುಗಳೆಲ್ಲ ಬೂದು ಬಣ್ಣಕ್ಕೆ ತಿರುಗಿ, ಕಿವಿಯೊಳಗೆ ಪ್ರೆಷರ್ ಕುಕ್ಕರಿನ ಸದ್ದು ಬಂತು. ಗೋಡೆಗೆ ಒರಗಿಸಿಟ್ಟ ಇಸ್ತ್ರಿ ಬೋರ್ಡು ಜಾರುವ ಹಾಗೆ ನಾನು ನೇರವಾಗಿ ಹೋದೆನಂತೆ. ಹೋಗುವಾಗ ಟೀಪಾಯಿಯ ಮೂಲೆಗೆ ಹುಬ್ಬು ಬಡಿಯಿತು, ಕೈ ಗಿರ್ಮಿಟ್ಟಿನ ಪಾತ್ರೆಗೆ ಬಡಿಯಿತು. ನಾನು ಕಾರ್ಪೆಟ್ಟಿನ ಮೇಲೆ ಬಿದ್ದೆ, ನನ್ನ ಮೇಲೆ ಗಿರ್ಮಿಟ್ ಬಿತ್ತು.

"ಏ, ನಾಟ್ಕಾ ಬ್ಯಾಡಲೇ, ಏಳು," ಎಂದರಂತೆ ಅಂಕಲ್. ಅವರದೇನೂ ತಪ್ಪಿಲ್ಲ. ಹಿಮ ಎತ್ತುವ ಸಲಿಕೆ ಕೈಗೆ ಕೊಟ್ಟಾಗಲೆಲ್ಲ ನಾನು ಎದೆ ಹಿಡಿದುಕೊಂಡು ಬಿದ್ದು ತೋರಿಸುತ್ತಿದ್ದವನು.

"ನಾಟಕ ಅಲ್ಲ ರೀ. ತುಟಿ ನೋಡಿ, ಬೆಳ್ಳಗಾಗಿದೆ."

ಮತ್ತೆ ಕಣ್ಣು ಬಿಟ್ಟಾಗ ನನ್ನ ಕಾಲುಗಳು ಎರಡು ದಿಂಬುಗಳ ಮೇಲಿದ್ದವು. ಹುಬ್ಬಿನ ಮೇಲೆ ಯಾರದೋ ಅಂಗೈ, ಬಟ್ಟೆಯ ಸಮೇತ, ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಆ ಅಂಗೈ ಸ್ವಲ್ಪವೂ ಅಲುಗುತ್ತಿರಲಿಲ್ಲ. ಮೇಲಿನಿಂದ ಒಂದು ದನಿ ಬರುತ್ತಿತ್ತು. ಎರಡು ವರ್ಷ ಆ ಮನೆಯಲ್ಲಿದ್ದೂ ನಾನು ಕೇಳದಿದ್ದ ದನಿ. ಊಟಕ್ಕೆ ಕರೆಯುವ ಆಂಟಿಯ ದನಿಯಲ್ಲ, ಒಂಬತ್ತನೆಯ ಪ್ರಶ್ನೆಗೆ ನಿಲ್ಲುವ ಆಂಟಿಯದ್ದಂತೂ ಅಲ್ಲವೇ ಅಲ್ಲ.

"ಅಲ್ಲಾಡ್ಬೇಡ. ತಲೆ ಎತ್ಬೇಡ. ರೀ, ಫ್ರೀಜರಿಂದ ಬಟಾಣಿ ಪ್ಯಾಕೆಟ್, ಒಂದ್ ಒಗೆದ ಟವಲು. ಅಮ್ಮಾ, ನೀವು ಕೂತ್ಕೊಳಿ, ನಿಮ್ಮನ್ನ ಬೇರೆ ಎತ್ತಕ್ಕಾಗಲ್ಲ. ಏ, ನನ್ ಕಡೆ ನೋಡು. ಇವತ್ತು ಯಾವ್ ವಾರ?"

"ಶನಿವಾರ."

"ಎಲ್ಲಿದೀಯ?"

"ನಿಮ್ ಕಾರ್ಪೆಟ್ ಮೇಲೆ."

"ಊರು ಹೇಳು."

"ಡೌನರ್ಸ್ ಗ್ರೋವ್. ಆಂಟಿ, ರಕ್ತ ಬರ್ತಿದೆಯಾ?"

"ಬರ್ತಿದೆ. ನೀನು ನೋಡ್ಬೇಡ. ಕತ್ತು ನೋಯ್ತಿದೆಯಾ? ವಾಂತಿ ಬಂದಂಗೆ? ಈ ಬೆರಳು ನೋಡು. ಈ ಕಡೆ. ಈ ಕಡೆ."

ಐಸಿನ ಬದಲು ಹುಬ್ಬಿಗೆ ಒತ್ತಲು ಅಂಕಲ್ ಬಟಾಣಿ ತಂದರು. ತಂದವರು ಕಾರ್ಪೆಟ್ಟನ್ನು ನೋಡಿ, ಬಿಸಿನೀರು ತರಲೇ ಎಂದು ಎದ್ದ ಅಜ್ಜಿಯನ್ನು ತಡೆದರು. "ಬಿಸಿನೀರ ಬ್ಯಾಡ. ರಕ್ತದ ಕಲಿಗೆ ತಣ್ಣೀರೇ ಬೇಕ್." ಹೀಗೆ ಆ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ವೃತ್ತಿಯ ಪ್ರಕಾರ ತಣ್ಣೀರನ್ನೇ ಹೇಳಿದರು, ಒಬ್ಬರು ಟೀವಿಯೊಳಗಿನವಳ ಕೈಗೆ, ಒಬ್ಬರು ನೆಲಕ್ಕೆ.

ಆಂಟಿ ಟಾರ್ಚ್ ಬಿಟ್ಟು ಕಣ್ಣು ನೋಡಿದರು, ನಾಡಿ ಎಣಿಸಿದರು. ಗಾಯ ತೊಳೆದು, ಇದಕ್ಕೆ ಹೊಲಿಗೆ ಬೇಡ ಎಂದು ತೀರ್ಮಾನಿಸಿ, ಸಣ್ಣ ಸಣ್ಣ ಅಂಟುಪಟ್ಟಿಗಳಿಂದ ಚರ್ಮವನ್ನು ಕೂಡಿಸಿದರು. "ವಾಂತಿ ಆದ್ರೆ, ತಲೆನೋವು ಜಾಸ್ತಿ ಆದ್ರೆ ತಕ್ಷಣ ಎಮರ್ಜೆನ್ಸಿಗೆ. ಅಲ್ಲೀವರೆಗೆ ಎರಡ್ ಗಂಟೆ ನನ್ ಕಣ್ ಮುಂದೆ ಇರು." ಎಲ್ಲ ಸೇರಿ ಹತ್ತು ಹನ್ನೆರಡು ನಿಮಿಷವೂ ಆಗಿರಲಿಲ್ಲ. ಆಮೇಲೆ ಅರ್ಧ ಗಂಟೆ ಕೂದಲೊಳಗಿನ ಚುರುಮುರಿಯನ್ನು ಒಂದೊಂದಾಗಿ ಆರಿಸಿ ತೆಗೆಯುತ್ತ ಕೂತರು. ಅಂಕಲ್ ಆಂಟಿಯ ಕೈಗಳನ್ನೇ ನೋಡುತ್ತಿದ್ದರು.

ಅಜ್ಜಿ ಕೇಳಿದರು. "ಆ ಭಾಡ್ಯಾ ಸಿಕ್ಕನೋ ಇಲ್ಲೋ?"

ಈ ಗಲಾಟೆಯಲ್ಲಿ ಟೀವಿ ತನ್ನ ಪಾಡಿಗೆ ತಾನು ಓಡಿ ಎಪಿಸೋಡೇ ಮುಗಿದುಹೋಗಿತ್ತು.

"ಹಿಂದಕ್ ಹಾಕ್ರಿ," ಎಂದರು ಆಂಟಿ. "ಬೆಣ್ಣೆ ಹಚ್ಚಿದ್ಲಾ ಇಲ್ವಾ ನೋಡ್ಬೇಕು ನಾನು."

"ಮತ್ತ ಆ ಸೀನ್ ಬರ್ತೈತಲ್ಲ."

"ನೀವು ದಿಂಬು ಇಟ್ಕೊಳಿ."

ಹಾಗೆ ನಾನು ಕಾರ್ಪೆಟ್ಟಿನ ಮೇಲೆ ಮಲಗಿ, ಬಟಾಣಿಯನ್ನು ಕಣ್ಣಿನ ಮೇಲೆ ಹೊತ್ತು, ಉಳಿದ ಅರ್ಧ ಗಂಟೆಯನ್ನು ಕಿವಿಯಿಂದ ನೋಡಿದೆ. ಅಂಕಲ್ ನನಗಾಗಿ ಕಾಮೆಂಟರಿ ಕೊಟ್ಟರು. ಅವರೂ ನೋಡುತ್ತಿದ್ದದ್ದು ದಿಂಬಿನ ಸಂದಿಯಿಂದ. "ಪೊಲೀಸ್ ಬಂದ. ಬಾಗ್ಲಾ ಬಡೀತಾನ. ತೆಗೀವಲ್ಲರು. ಏ, ಹಿತ್ತಲದಾಗಿಂದ ಓಡ್ತಾನ್ನೋಡ." ಅಜ್ಜಿ ಚಪ್ಪಾಳೆ ಹೊಡೆದದ್ದು ಕೇಳಿಸಿತು. ಅಷ್ಟು ಭಯ, ಅಷ್ಟು ಕುತೂಹಲ, ಅಷ್ಟು ಸಂತೋಷ ಒಟ್ಟಿಗೇ ಆ ಕೋಣೆಯಲ್ಲಿ ಹಿಂದೆಂದೂ ಇರಲಿಲ್ಲ. ಸಂಜೆ ಮನೆಗೆ ಬಂದ ಮಗಳು ನನ್ನ ಹುಬ್ಬು ನೋಡಿ, "ಡಿಡ್ ಯೂ ಗೆಟ್ ಇನ್‌ಟು ಎ ಫೈಟ್?" ಎಂದಳು. ಅಜ್ಜಿ ನನಗಿಂತ ಮೊದಲು ಉತ್ತರಿಸಿದರು. "ಹೂಂ. ಟೀವಿ ಜೋಡಿ. ಸೋತ."

ಭಾನುವಾರ ಬೆಳಿಗ್ಗೆ ಗಾಯದ ಪಟ್ಟಿ ನೋಡಬೇಕೆಂದು ಆಂಟಿ ಮೇಲಕ್ಕೆ ಕರೆದರು. ಅಂಕಲ್ ಹೊರಗೆ ಹಿಮ ಎತ್ತುತ್ತಿದ್ದರು. ನನ್ನ ಗಾಯದ ಒಂದು ದೊಡ್ಡ ಲಾಭ ಅದು. ನಾನು ದನಿ ತಗ್ಗಿಸಿ ಕೇಳಿದೆ.

"ಆಂಟಿ, ಆ ಮೇಲ್ ಕಳಿಸ್ಲಾ?"

"ತಲೆ ಆ ಕಡೆ ತಿರುಗ್ಸು."

ತಿರುಗಿಸಿದೆ. ಅವರು ಗಾಯದ ಸುತ್ತ ಮೆಲ್ಲಗೆ ಒತ್ತಿ ನೋಡಿದರು. ಎದ್ದಿದ್ದ ಅಂಟುಪಟ್ಟಿಯ ಅಂಚನ್ನು ಮತ್ತೆ ಅಂಟಿಸುತ್ತ, "ಯಾವ್ ಮೇಲು?" ಎಂದರು.

"ಅದೇ, ನೀವು ಬರಲ್ಲ ಅಂತ."

"ಅಳಿಸಿಬಿಡು. ನಿನ್ ಇಂಗ್ಲಿಷೂ ಅಷ್ಟಕ್ಕಷ್ಟೇ."

ಆದರೂ ಒಂಬತ್ತನೆಯ ಪ್ರಶ್ನೆಯ ಭಯ ಹೋಗಿರಲಿಲ್ಲ. ಆ ವಾರವೆಲ್ಲ ಅಭ್ಯಾಸದಲ್ಲಿ ನಾನು ಅಲ್ಲಿಗೆ ಬಂದರೆ, "ಅದೊಂದ್ ಬಿಡು, ಅಲ್ಲಿ ಹೋದ್ಮೇಲೆ ನೋಡ್ತೀನಿ," ಎಂದು ದಾಟಿಸಿಬಿಡುತ್ತಿದ್ದರು. ಏನು ನೋಡುತ್ತಾರೋ ಎಂದು ನನಗೆ ಕಳವಳ. ಇಂಟರ್ವ್ಯೂನಲ್ಲಿ ದಾಟಿಸುವ ಗುಂಡಿ ಇರುವುದಿಲ್ಲವಲ್ಲ.

ಎರಡನೆಯ ಡಿವಿಡಿಯನ್ನು ತರುವುದೋ ಬೇಡವೋ ಎಂದು ನಾನು ಅಳುಕುತ್ತಿದ್ದರೆ, ಶುಕ್ರವಾರ ಅಂಕಲ್ ಅಂಗಡಿಯಿಂದಲೇ ನನ್ನ ಆಫೀಸಿಗೆ ಫೋನ್ ಮಾಡಿದರು. "ಲೈಬ್ರರಿ ಐದಕ್ಕ ಮುಚ್ತೈತಿ, ನೆನಪೈತಿಲ್ಲೋ?" ಶನಿವಾರ ರಿಮೋಟನ್ನು ನನ್ನಿಂದ ಕಿತ್ತು ಅಜ್ಜಿಗೆ ಕೊಡಲಾಯಿತು. ಅಜ್ಜಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಯಾವ ಗುಂಡಿಯನ್ನೂ ಮುಟ್ಟದೆ ಕೂತರು. ನನ್ನನ್ನು ಸೋಫಾದ ಮಧ್ಯದಲ್ಲಿ ಕೂರಿಸಿ, ಟೀಪಾಯಿಯನ್ನು ಗೋಡೆಯ ಹತ್ತಿರಕ್ಕೆ ಸರಿಸಿದರು. ಇಪ್ಪತ್ತೇಳನೆಯ ನಿಮಿಷಕ್ಕೆ ಆಂಟಿ ಗಕ್ಕನೆ ಎದ್ದರು.

"ನಿಲ್ಸಿ, ನಿಲ್ಸಿ. ಸುಟ್ಟಿದ್ದು ಎಡಗೈ. ಬಲಗೈಗೆ ಯಾಕ್ ಪಟ್ಟಿ ಕಟ್ಟಿದಾರೆ?"

ಮನೆಯಲ್ಲಿ ಕೋಲಾಹಲ. ಅಂಕಲ್ ಎಡಗೈ ಅಲ್ಲ ಎಂದರು, ಅಜ್ಜಿ ಹೌದು ಎಂದರು. ಮೊದಲ ಡಿವಿಡಿಯನ್ನು ಮತ್ತೆ ಹಾಕಿ, ಯಾವ ಸೀನನ್ನು ಕಂಡು ಹೋದ ವಾರ ಒಬ್ಬ ನೆಲಕ್ಕೆ ಬಿದ್ದಿದ್ದನೋ, ಒಬ್ಬರು ಮುಖಕ್ಕೆ ದಿಂಬು ಒತ್ತಿಕೊಂಡಿದ್ದರೋ, ಅದೇ ಸೀನನ್ನು ನಾಲ್ಕೂ ಜನ ಟೀವಿಗೆ ಮೂಗು ತಗುಲಿಸುವ ಹಾಗೆ ಬಾಗಿ ಮೂರು ಸಲ ನೋಡಿದೆವು. ಎಡಗೈಯೇ. ಸೀರಿಯಲ್ ಮಾಡಿದವರ ತಪ್ಪು. ಇಂಗ್ಲೆಂಡಿನಲ್ಲಿ ಯಾರೋ ನನ್ನಂಥವನೇ ತಪಾಸಣೆಗೆ ಕೂತಿರಬೇಕು ಎಂದು ನನಗೆ ಅವನ ಮೇಲೆ ಮಮತೆ ಉಕ್ಕಿತು.

"ನಾನು ವಾರ್ಡಲ್ಲಿದ್ದಿದ್ರೆ ಇಂಥದ್ದು ಆಗಕ್ ಬಿಡ್ತಿರ್ಲಿಲ್ಲ," ಎಂದರು ಆಂಟಿ, ಇನ್ನೂ ಕುದಿಯುತ್ತ.

ಗುರುವಾರ ಅಂಕಲ್‌ಗೆ ಅಂಗಡಿ ಬಿಡಲಾಗದೆ ನಾನೇ ಆಂಟಿಯನ್ನು ಡ್ರೈವ್ ಮಾಡಿಕೊಂಡು ಹೋದೆ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹದಿನೆಂಟು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ, ಹಿಮ ಬದಿಗೆ ರಾಶಿ ಬಿದ್ದ ರಸ್ತೆ. ಅಂಕಲ್ ಸ್ವತಃ ಇಸ್ತ್ರಿ ಮಾಡಿದ ಕಪ್ಪು ಕೋಟು ಹಾಕಿಕೊಂಡು ಆಂಟಿ ದಾರಿಯುದ್ದಕ್ಕೂ ಪ್ರಶ್ನೆಗಳ ಪಟ್ಟಿ ಓದುತ್ತಿದ್ದರು. ಆಸ್ಪತ್ರೆಯ ಬಾಗಿಲಿನವರೆಗೆ ಜೊತೆಗೆ ಹೋದೆ. ಬಾಗಿಲು ತಾನಾಗಿ ತೆರೆದು ಔಷಧಿಯ ವಾಸನೆ ಮುಖಕ್ಕೆ ಹೊಡೆದದ್ದೇ ತಡ, "ಆಂಟಿ, ನಾನು ಕಾರಲ್ಲಿರ್ತೀನಿ," ಎಂದು ಹಿಂತಿರುಗಿದೆ. ಒಂದು ಗಂಟೆ ನಲವತ್ತು ನಿಮಿಷ ಹೀಟರ್ ಹಾಕಿಕೊಂಡು ಕೂತೆ. ಸ್ಟೀರಿಂಗಿನ ಮೇಲೆ ತಾಳ ಹಾಕಿ ಹಾಕಿ ಹೆಬ್ಬೆರಳು ನೊಂದಿತು.

ಕೊನೆಗೆ ಅವರು ಬಂದರು. ಬಾಗಿಲು ತೆಗೆದು, ಕೂತು, ಬೆಲ್ಟ್ ಹಾಕಿಕೊಂಡು, ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡರು.

"ಕೇಳಿದ್ರು," ಎಂದರು.

"ಒಂಬತ್ತನೇದಾ?"

"ಹೂಂ. ಅದನ್ನೇ ಮೊದ್ಲು."

"ಮೈಸೂರಿ‌ನ ಕತೆ ಹೇಳಿದ್ರಾ?"

"ಇಲ್ಲ. ಹನ್ನೆರಡು ದಿನದ ಹಿಂದೆ, ನಮ್ ಮನೇಲಿ, ಇಪ್ಪತ್ನಾಲ್ಕು ವರ್ಷದ ಗಂಡಸು, ನಿಂತಲ್ಲೇ ಪ್ರಜ್ಞೆ ತಪ್ಪಿ ಬಿದ್ದ, ಹುಬ್ಬಿನ ಮೇಲೆ ಗಾಯ ಅಂದೆ. ಮೊದ್ಲು ಏನ್ ನೋಡ್ದೆ, ಆಮೇಲೆ ಏನ್ ಮಾಡ್ದೆ, ಯಾಕೆ ಆಸ್ಪತ್ರೆಗೆ ಕಳಿಸ್ಲಿಲ್ಲ, ಯಾವಾಗ ಕಳಿಸ್ತಿದ್ದೆ, ಎಲ್ಲಾ ಹೇಳ್ದೆ. ಒಂದ್ ಸಲಾನೂ ತಡವರಿಸ್ಲಿಲ್ಲ ಕಣೋ."

"ಯಾಕ್ ಬಿದ್ದ ಅಂತ ಕೇಳ್ಲಿಲ್ವಾ?"

"ಕೇಳ್ದೆ ಇರ್ತಾರಾ? ಟೀವಿ ನೋಡಿ ಅಂದೆ."

"ಅಯ್ಯೋ ಆಂಟಿ. ನಕ್ಕಿರ್ಬೇಕು."

"ಇದ್ದ ಇಬ್ರಲ್ಲಿ ಚಿಕ್ಕೋಳು ನಕ್ಲು. ಇನ್ನೊಬ್ರು, ಹೆಡ್ ನರ್ಸು, ವಯಸ್ಸಾದೋರು, ಅವ್ರು ನಗ್ಲಿಲ್ಲ. ಬರ್ಕೊಂಡ್ರು. ಮುಂದಿನ ತಿಂಗಳು ಟ್ರೇನಿಂಗಿಗೆ ಬನ್ನಿ ಅಂದ್ರು."

ಆಂಟಿ ಕೈಗವಸು ಹಾಕಿಕೊಳ್ಳುತ್ತ ಮುಂದಿನದನ್ನು ಹೇಳಿದರು.

"ಏಳುವಾಗ ಆ ಹೆಡ್ ನರ್ಸು, ಈಗ ಪೇಷಂಟ್ ಹೇಗಿದಾನೆ ಅಂತ ಕೇಳಿದ್ರು. ಕೆಳಗೆ ಪಾರ್ಕಿಂಗಲ್ಲಿ ಕೂತಿದಾನೆ, ನಿಮ್ಮ ಆಸ್ಪತ್ರೆ ವಾಸನೆಗೆ ಒಳಗೆ ಬರಕ್ಕೆ ಹೆದರ್ಕೊಂಡಿದಾನೆ ಅಂದೆ."